ಹನ್ನೊಂದು ದಿನದ ಗಾಳಿ

ದಸರಾ ರಜೆಗೆ ಊರಿಗೆ ಹೋಗಿದ್ದೆ. ಒಂದು ಸಂಜೆ ಅಕ್ಕನ ಮಗಳು, ‘ಮಾವ, ನಾಳೆ ಬೆಳಗ್ಗೆ ಜೋಗಿಮಟ್ಟಿಗೆ ಹೋಗಿ ಬರೋಣ, ನಿನ್ ಹತ್ರ ಒಂದು ವಿಷ್ಯ ಮಾತಾಡ್ಬೇಕು’ ಅಂದಳು. ಚಿತ್ರದುರ್ಗದವರಿಗೆ ಜೋಗಿಮಟ್ಟಿ ಅಂದರೆ ಬೆಟ್ಟವೂ ಹೌದು, ಕಾಡೂ ಹೌದು, ಬೆಳಗಿನ ವಾಕಿಂಗೂ ಹೌದು. ಮನೆಯಲ್ಲಿ ಹೇಳಲಾಗದ ಮಾತನ್ನು ಹೇಳುವ ಜಾಗವೂ ಹೌದು. ಲವ್ ಮ್ಯಾಟರ್ ಇರಬೇಕು ಅಂದುಕೊಂಡು ಸ್ವಲ್ಪ ಹೆದರಿಕೊಂಡೇ ಹೊರಟೆ.

ಆಡುಮಲ್ಲೇಶ್ವರ ದಾಟಿ ಏರು ಶುರುವಾಗುವ ಹೊತ್ತಿಗೆ ನನಗೆ ಏದುಸಿರು. ಹನ್ನೆರಡು ವರ್ಷ ಬೆಂಗಳೂರಿನ ಕುರ್ಚಿಯಲ್ಲಿ ಕೂತ ಫಲ. ಅವಳು ಮುಂದೆ ಮುಂದೆ ಹೋಗಿ ಒಂದು ಬಂಡೆಯ ಮೇಲೆ ಕೂತು ಮೊಬೈಲ್ ನನ್ನ ಕೈಗೆ ಕೊಟ್ಟಳು. ಎರಡು ಈಮೇಲ್ ಇದ್ದವು. ಒಂದು ಬೆಂಗಳೂರಿನ ಕಂಪನಿಯ ಆಫರ್ ಲೆಟರ್. ಡೇಟಾ ಅನಲಿಸ್ಟ್ ಕೆಲಸ, ವರ್ಷಕ್ಕೆ ಆರೂವರೆ ಲಕ್ಷ. ಇನ್ನೊಂದು ಪಿಎಚ್.ಡಿ. ಸೀಟು. ಅವಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು, ಜೆಆರ್‌ಎಫ್ ಸಿಕ್ಕಿದೆ. ತಿಂಗಳಿಗೆ 37,000 ರೂಪಾಯಿ, ಅಂತರ್ಜಲದ ಮೇಲೆ ಕೆಲಸ, ಐದು ವರ್ಷ.

‘ಅಮ್ಮ ಕೆಲಸಕ್ಕೆ ಸೇರು ಅಂತಾಳೆ. ಅಪ್ಪ ಏನೂ ಅನ್ನಲ್ಲ. ನೀನು ದಿನಾ ಈ ಪೇಪರ್ ಗೀಪರ್ ಎಲ್ಲ ಓದ್ತಿರ್ತೀಯಲ್ಲ ಮಾವ, ನಿಜ ಹೇಳು. ರಿಸರ್ಚ್ ಈಗ ಹೇಗಿದೆ?’

ನಾನು ಇರುವುದು ಒಂದು ಸಾಫ್ಟ್‌ವೇರ್ ಕಂಪನಿಯ ಮಷೀನ್ ಲರ್ನಿಂಗ್ ತಂಡದಲ್ಲಿ. ವಾರಕ್ಕೆ ನಾಲ್ಕೈದು ಪೇಪರ್ ಓದುವುದು ಕೆಲಸದ ಭಾಗ. ಹಾಗಾಗಿ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಬೇಕಿತ್ತು. ಇರಲಿಲ್ಲ. ಅವತ್ತು ಏನೋ ಒಂದಷ್ಟು ಹೇಳಿದೆ. ಆಮೇಲೆ ಸಮಾಧಾನವಾಗದೆ ಕೂತು ಬರೆದದ್ದು ಇದು. ಪ್ರಶ್ನೆ ಅವಳೊಬ್ಬಳದೇ ಅಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನ ಒಂದಲ್ಲ ಒಂದು ದಿನ ಎರಡು ಈಮೇಲ್ ನಡುವೆ ಕೂತವರೇ.

ಮೊದಲು ಒಳ್ಳೆಯ ಸುದ್ದಿ. ಇದನ್ನು ವಾಟ್ಸಾಪ್ ಫಾರ್ವರ್ಡ್‌ಗೆ ಬಿಟ್ಟುಬಿಡುವುದು ಬೇಡ, ಯಾಕಂದ್ರೆ ಇದರಲ್ಲಿ ನಿಜ ಇದೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಪೇಪರ್‌ಗಳ ಸಂಖ್ಯೆಯಲ್ಲಿ ಚೀನಾ, ಅಮೆರಿಕ ಬಿಟ್ಟರೆ ನಾವೇ. 2022ರಲ್ಲಿ ಭಾರತದಿಂದ ಬಂದ ಪೇಪರ್‌ಗಳು ಎರಡು ಲಕ್ಷ ದಾಟಿದವು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು, ಅದು ನಿಮಗೆ ಗೊತ್ತು. ನಮ್ಮ ಜಿಲ್ಲೆಯಲ್ಲೇ ನಡೆದದ್ದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 2023ರ ಏಪ್ರಿಲ್ 2ರಂದು ಇಸ್ರೋ ಒಂದು ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತನ್ನಷ್ಟಕ್ಕೆ ತಾನೇ ದಾರಿ ಹುಡುಕಿಕೊಂಡು ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ರನ್‌ವೇ ಮೇಲೆ ಇಳಿಯಿತು. ಮರುವರ್ಷ ಮಾರ್ಚ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ, ಪ್ರತಿ ಸಲವೂ ಮೊದಲಿಗಿಂತ ಕಷ್ಟದ ಸ್ಥಿತಿಯಿಂದ ಬಿಟ್ಟು ನೋಡಿದರು. ಈ ‘ಮತ್ತೆ ಮಾಡಿ ನೋಡುವುದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ದುಡ್ಡೂ ಬರುತ್ತಿದೆ, ಕಾಗದದ ಮೇಲಾದರೂ. 2023ರಲ್ಲಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಕ್ಕೆ 50,000 ಕೋಟಿಯ ಲೆಕ್ಕ. ಅದರಲ್ಲಿ 36,000 ಕೋಟಿ ಖಾಸಗಿಯವರಿಂದ ಮತ್ತು ಇತರ ಮೂಲಗಳಿಂದ ಬರಬೇಕು ಅಂತ ಅಂದಾಜು. 2025ರಲ್ಲಿ ಖಾಸಗಿ ಸಂಶೋಧನೆಗೆಂದೇ ಒಂದು ಲಕ್ಷ ಕೋಟಿಯ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದಾಗಿ ಸರ್ಕಾರಿ ಕಾಲೇಜಿನ ಹುಡುಗರೂ ಸುಮಾರು 13,000 ಜರ್ನಲ್‌ಗಳನ್ನು ಓದಬಹುದು. ನಮ್ಮ ಕಾಲದಲ್ಲಿ ಒಂದು ಪೇಪರ್ ಬೇಕಾದರೆ ಐಐಎಸ್‌ಸಿಯಲ್ಲಿದ್ದ ಯಾರದೋ ಅಣ್ಣನಿಗೆ ಮೆಸೇಜ್ ಹಾಕಬೇಕಿತ್ತು.

ಈಗ ಇನ್ನೊಂದು ಪಟ್ಟಿ. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ಅದೇ ಹೊತ್ತಿಗೆ ಚೀನಾದ್ದು ಸುಮಾರು ಶೇ. 2.4, ದಕ್ಷಿಣ ಕೊರಿಯಾದ್ದು ಐದರ ಹತ್ತಿರ. ಹತ್ತು ಲಕ್ಷ ಜನಕ್ಕೆ ನಮ್ಮಲ್ಲಿ 262 ಸಂಶೋಧಕರು. ಆ ಶೇ. 0.64ರ ರೊಟ್ಟಿಯನ್ನು ಹಂಚಿಕೊಂಡದ್ದು ಹೇಗೆ ಅಂತ ನೋಡಿದರೆ ವಿಶ್ವವಿದ್ಯಾಲಯ, ಕಾಲೇಜುಗಳ ಪಾಲು ಶೇ. 8.8 ಮಾತ್ರ. ಅಂದರೆ ರಕ್ಷಣೆ, ಬಾಹ್ಯಾಕಾಶ, ಪರಮಾಣು ಮತ್ತು ಖಾಸಗಿ ಕಂಪನಿಗಳ ಬಾಗಿಲು ದಾಟಿ ಉಳಿದ ಚೂರಿನಲ್ಲಿ ನಮ್ಮ ಹುಡುಗಿಯಂಥವರ ಪಿಎಚ್.ಡಿ. ನಡೆಯಬೇಕು.

ಸಾಮಾನ್ಯವಾಗಿ ಈ ಥರದ ಲೇಖನಗಳು ಇಲ್ಲಿಗೆ ಬಂದು ‘ದುಡ್ಡು ಜಾಸ್ತಿ ಮಾಡಿ’ ಅಂತ ಮುಗಿಯುತ್ತವೆ. ದುಡ್ಡು ಜಾಸ್ತಿ ಆಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ದುಡ್ಡು ಸುರಿದ ದೇಶಗಳಲ್ಲೂ ಸಂಶೋಧನೆಯ ಆರೋಗ್ಯ ಚೆನ್ನಾಗೇನೂ ಇಲ್ಲ. ಕಾಯಿಲೆ ಬೇರೆ ಕಡೆ ಇದೆ. ಅದು ನನಗೆ ಗೊತ್ತಿರುವುದು ಪೇಪರ್ ಓದಿ ಅಲ್ಲ, ಒಂದು ಪೇಪರ್ ಬರೆದು.

ಹೌದು, ನನ್ನ ಹೆಸರಲ್ಲೂ ಒಂದು ಪೇಪರ್ ಇದೆ. ಎಂಜಿನಿಯರಿಂಗ್ ಕೊನೇ ವರ್ಷ, ನಾಲ್ಕು ಜನರ ಪ್ರಾಜೆಕ್ಟ್. ವಿಷಯ: ಚಿತ್ರದುರ್ಗ ಪರಿಸರದಲ್ಲಿ ಸಣ್ಣ ಗಾಳಿಯಂತ್ರದಿಂದ ಎಷ್ಟು ವಿದ್ಯುತ್ ಬರಬಹುದು. ಜೋಗಿಮಟ್ಟಿ ರಸ್ತೆಯಲ್ಲಿದ್ದ ಗೆಳೆಯನ ಮನೆಯ ತಾರಸಿ ಮೇಲೆ ಗಾಳಿಯ ವೇಗ ಅಳೆಯುವ ಒಂದು ಅಗ್ಗದ ಸಾಧನ ಕಟ್ಟಿದೆವು. ಫೆಬ್ರುವರಿ ತಿಂಗಳು. ಹನ್ನೊಂದನೇ ದಿನಕ್ಕೆ ಬ್ಯಾಟರಿ ಹೋಯಿತು. ಅಷ್ಟರಲ್ಲಿ ಇಂಟರ್ನಲ್ಸ್, ಕ್ಯಾಂಪಸ್ ಇಂಟರ್‌ವ್ಯೂ ಅಂತ ಎಲ್ಲರೂ ಚದುರಿಹೋದೆವು. ರಿಪೋರ್ಟ್ ಕೊಡಬೇಕಾದ ವಾರ ಎಕ್ಸೆಲ್ ತೆಗೆದು ಆ ಹನ್ನೊಂದು ದಿನವನ್ನು ಒಂದು ವರ್ಷಕ್ಕೆ ಎಳೆದೆವು. ಒಂದೇ ಥರ ಕಾಣಬಾರದು ಅಂತ ಮೇಲೊಂದಿಷ್ಟು ರ‍್ಯಾಂಡಮ್ ನಂಬರ್ ಉದುರಿಸಿದೆವು. ಚಿತ್ರಾನ್ನದ ಮೇಲೆ ಕೊತ್ತಂಬರಿ ಉದುರಿಸಿದ ಹಾಗೆ.

ಅದನ್ನು ‘ಅಂತರರಾಷ್ಟ್ರೀಯ’ ಅಂತ ಹೆಸರಿದ್ದ ಒಂದು ಜರ್ನಲ್‌ಗೆ ಕಳಿಸಿದೆವು. ಎರಡೇ ದಿನಕ್ಕೆ ‘ಸ್ವೀಕೃತವಾಗಿದೆ, ಮೂರೂವರೆ ಸಾವಿರ ಕಟ್ಟಿ’ ಅಂತ ಮೇಲ್ ಬಂತು. ತಲಾ 875 ರೂಪಾಯಿ ಹಾಕಿ ಕಟ್ಟಿದೆವು. ಗೈಡ್‌ಗೆ ಒಂದು ಪೇಪರ್, ಡಿಪಾರ್ಟ್‌ಮೆಂಟಿಗೆ ಒಂದು ಪೇಪರ್, ನಮ್ಮ ರೆಸ್ಯೂಮೆಗಳಿಗೆ ಒಂದೊಂದು ಸಾಲು. ಯಾರಿಗೂ ನಷ್ಟ ಇಲ್ಲ ಅಂತ ಅನ್ನಿಸಿತ್ತು.

ನಮ್ಮ ಗ್ರಾಫಿನಲ್ಲಿ ಜುಲೈ ತಿಂಗಳ ಗಾಳಿಯೂ ಫೆಬ್ರುವರಿ ಗಾಳಿಯೂ ಹೆಚ್ಚುಕಡಿಮೆ ಒಂದೇ. ಆಷಾಢದಲ್ಲಿ ಒಂದು ದಿನ ಚಿತ್ರದುರ್ಗದ ತಾರಸಿ ಮೇಲೆ ಬಟ್ಟೆ ಒಣಗಹಾಕಿದ ಯಾರಿಗೆ ತೋರಿಸಿದ್ದರೂ ‘ಏನಪ್ಪಾ ಇದು’ ಅಂತ ನಗುತ್ತಿದ್ದರು. ನಮ್ಮ ಅಮ್ಮನಿಗೆ ತೋರಿಸಿದ್ದರೂ ಸಾಕಿತ್ತು. ಜರ್ನಲ್‌ನವರು ಏನೂ ಕೇಳಲಿಲ್ಲ. ಕೇಳುವುದು ಅವರ ಕೆಲಸವೇ ಆಗಿರಲಿಲ್ಲ.

ಆ ತಪ್ಪು ಎಷ್ಟು ದೊಡ್ಡದು ಅಂತ ಆಮೇಲೆ ಅರ್ಥವಾಯಿತು. ಗಾಳಿಯಲ್ಲಿರುವ ಶಕ್ತಿ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗಿಂತ 8 ಮೀಟರ್ ಬೀಸುವ ಗಾಳಿಯಲ್ಲಿ ಎರಡೂಕಾಲು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ವೇಗ ಅಳೆಯುವುದರಲ್ಲಿ ಶೇ. 10 ತಪ್ಪಿದರೂ ವಿದ್ಯುತ್ ಲೆಕ್ಕದಲ್ಲಿ ಮೂರನೇ ಒಂದು ಭಾಗದಷ್ಟು ತಪ್ಪುತ್ತದೆ. ಹಾಗಾಗಿ ಗಾಳಿ ಅಳೆಯುವವರು ಕಂಬ ನೆಟ್ಟು, ಎಲ್ಲ ಋತು ಕಳೆಯುವ ತನಕ ಕಾಯಬೇಕು. ಬೇರೆ ದಾರಿ ಇಲ್ಲ.

ಜೋಗಿಮಟ್ಟಿಯ ಮೇಲೆ ನಿಂತರೆ ಸುತ್ತಲಿನ ಗುಡ್ಡಸಾಲಿನ ಮೇಲೆ ಸಾಲು ಸಾಲು ಗಾಳಿಯಂತ್ರ ಕಾಣುತ್ತವಲ್ಲ, ಅವು ಸುಮ್ಮನೆ ಬಂದು ನಿಂತದ್ದಲ್ಲ. ಅದರ ಹಿಂದೆ ದೇಶದ ಉದ್ದಗಲಕ್ಕೂ ಗಾಳಿ ಅಳೆದ ಒಂದು ದೊಡ್ಡ ಸರ್ವೆ ಇದೆ. ಕರ್ನಾಟಕದಲ್ಲಿ ಹಾಗೆ ಅಳೆದ ಜಾಗಗಳ ಪಟ್ಟಿಯಲ್ಲಿ ಕಪ್ಪತಗುಡ್ಡದ ಜೊತೆಗೆ ಜೋಗಿಮಟ್ಟಿಯ ಹೆಸರೂ ಇದೆ. ಆ ಸರ್ವೆಗೆ ಬುನಾದಿ ಹಾಕಿದವರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಬಗ್ಗೆ ಕೆಲಸ ಮಾಡಿ ಐದು ಪೇಪರ್ ಬರೆದರು. ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಕಾರಣ, ಎಂ.ಎಸ್ಸಿ. ಡಿಗ್ರಿ ಇರಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು ಬಂದರು. ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದರು. 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ವಾಪಸ್ ಬಂದು ಗಾಳಿ ಮತ್ತು ಬಿಸಿಲನ್ನು ಅಳೆಯುವ ಕೆಲಸಕ್ಕೆ ಕೂತರು. ಬಿಸಿಲಿನ ಅಂಕಿಅಂಶಗಳ ಕೈಪಿಡಿ 1980ರಲ್ಲಿ, ಗಾಳಿಯದ್ದು 1983ರಲ್ಲಿ ಬಂತು. ಈ ಪುಸ್ತಕಗಳಲ್ಲಿ ಹೊಸ ಸಿದ್ಧಾಂತ ಇಲ್ಲ. ಪುಟಗಟ್ಟಲೆ ಅಂಕಿಗಳಿವೆ. ನಂಬಬಹುದಾದ ಅಂಕಿಗಳು.

ಇವತ್ತಿನ ಲೆಕ್ಕದಲ್ಲಿ ಅಣ್ಣಾ ಮಣಿಯವರ ಆ ಕೆಲಸಕ್ಕೆ ಎಷ್ಟು ಅಂಕ ಬರುತ್ತಿತ್ತು? ಕಂಬ ನೆಟ್ಟು ಕಾದದ್ದಕ್ಕೆ ಪೇಪರ್ ಇಲ್ಲ. ಉಪಕರಣದ ತಪ್ಪು ಸರಿಮಾಡಿದ್ದಕ್ಕೆ ಪೇಪರ್ ಇಲ್ಲ. ನಮ್ಮ ಹನ್ನೊಂದು ದಿನದ ಗಾಳಿಗೆ ಮಾತ್ರ ಪೇಪರ್ ಇದೆ. ಈಗಿನ ಸಂಶೋಧನೆಯ ಬಗ್ಗೆ ನನ್ನ ತಕರಾರು ಇಷ್ಟೇ. ಹೊಸದಕ್ಕೆ ದುಡ್ಡಿದೆ, ಎಣಿಕೆಗೆ ಬೆಲೆ ಇದೆ. ಹಿಂದಿರುಗಿ ಹೋಗಿ ಮತ್ತೆ ಅಳೆಯುವವರಿಗೆ ಎರಡೂ ಇಲ್ಲ.

ಇದು ನಮ್ಮ ದೇಶದ ಕತೆ ಮಾತ್ರ ಅಂದುಕೊಳ್ಳಬೇಡಿ. ಒಂದೊಂದು ಕ್ಷೇತ್ರದ ಬಾಗಿಲನ್ನೂ ತಟ್ಟಿ ನೋಡೋಣ. ಮನಃಶಾಸ್ತ್ರದಲ್ಲಿ ಒಳ್ಳೊಳ್ಳೆ ಜರ್ನಲ್‌ಗಳಲ್ಲಿ ಬಂದ 100 ಅಧ್ಯಯನಗಳನ್ನು ದೊಡ್ಡದೊಂದು ಗುಂಪು ಮತ್ತೆ ಮಾಡಿ ನೋಡಿ 2015ರಲ್ಲಿ ಫಲಿತಾಂಶ ಹೊರಗಿಟ್ಟಿತು. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ನಿಂತವು. ಕ್ಯಾನ್ಸರ್ ಸಂಶೋಧನೆಯಲ್ಲಿ ಔಷಧ ಕಂಪನಿ ಆಮ್‌ಜೆನ್ 53 ಹೆಸರಾಂತ ಅಧ್ಯಯನಗಳನ್ನು ತನ್ನ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡಿದಾಗ ಸರಿಬಂದದ್ದು 6. ಅದು ವರದಿಯಾದದ್ದು 2012ರಲ್ಲಿ. ಚಿಪ್ ತಯಾರಿಕೆಯಲ್ಲಿ ಮೂರ್ ನಿಯಮದ ವೇಗ ಉಳಿಸಿಕೊಳ್ಳಲು 1970ರ ದಶಕದ ಶುರುವಿನಲ್ಲಿ ಬೇಕಿದ್ದ ಸಂಶೋಧಕರಿಗಿಂತ 18 ಪಟ್ಟು ಜನ ಬೇಕಾಗುತ್ತಿದ್ದಾರೆ ಅಂತ ಅರ್ಥಶಾಸ್ತ್ರಜ್ಞರು 2020ರಲ್ಲಿ ಲೆಕ್ಕ ಕೊಟ್ಟರು. ಸುಲಭದ ಹಣ್ಣನ್ನೆಲ್ಲ ಕಿತ್ತಾಗಿದೆ, ಉಳಿದದ್ದು ಮೇಲಿನ ಕೊಂಬೆಯಲ್ಲಿದೆ.

ಇನ್ನು ನನ್ನದೇ ಕ್ಷೇತ್ರ. ಮಷೀನ್ ಲರ್ನಿಂಗ್ ಬಳಸಿ ‘ಶೇ. 98 ನಿಖರತೆ’ ಅಂತ ಬರುವ ಪೇಪರ್‌ಗಳ ಒಳಗೆ ಇಣುಕಿದವರು ಪ್ರಿನ್ಸ್‌ಟನ್‌ನ ಇಬ್ಬರು. 17 ಕ್ಷೇತ್ರಗಳ ಸುಮಾರು 300 ಪೇಪರ್‌ಗಳಿಗೆ ಒಂದೇ ಕಾಯಿಲೆ ತಗಲಿರುವುದನ್ನು 2023ರಲ್ಲಿ ತೋರಿಸಿದರು. ಕಲಿಸುವ ಡೇಟಾದೊಳಗೆ ಪರೀಕ್ಷೆಯ ಡೇಟಾ ಸೋರಿಕೆಯಾಗಿರುವುದು. ಪ್ರಶ್ನೆಪತ್ರಿಕೆಯನ್ನೇ ಮನೆಪಾಠದಲ್ಲಿ ಹೇಳಿಕೊಟ್ಟು, ಆಮೇಲೆ ಹುಡುಗ ಜಾಣ ಅಂದಂತೆ. ನಮ್ಮ ತಂಡದಲ್ಲಿ ನಾವು ಓದುವ ಪೇಪರ್‌ಗಳಲ್ಲಿ ಕೋಡ್ ಇಳಿಸಿಕೊಂಡು ಓಡಿಸಿದಾಗ ಹೇಳಿದಷ್ಟೇ ಫಲಿತಾಂಶ ಬಂದರೆ ನಾವು ಕಾಫಿ ಕುಡಿಯಲು ಹೊರಗೆ ಹೋಗುತ್ತೇವೆ. ಅಷ್ಟು ಅಪರೂಪ.

ಇದಕ್ಕೆಲ್ಲ ಮೇಲೆ ಅಂಗಡಿ ತೆರೆದು ಕೂತವರಿದ್ದಾರೆ. 2023 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ವಾಪಸ್ ಪಡೆದ ಪೇಪರ್‌ಗಳು ಹತ್ತು ಸಾವಿರ ದಾಟಿದವು. ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿ ಅನ್ನುವ ಒಂದೇ ಪ್ರಕಾಶನದ್ದು. ಪೇಪರ್ ಬರೆದುಕೊಡುವ ಫ್ಯಾಕ್ಟರಿಗಳೇ ಇವೆ. ನಾವು ನಾಲ್ಕು ಹುಡುಗರು ತಾರಸಿ ಮೇಲೆ ಮಾಡಿದ್ದನ್ನು ಅವರು ಶಿಫ್ಟ್ ಹಾಕಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಸರಿಪಡಿಸುವ ಪ್ರಯತ್ನ ನಡೆದಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಪಿಎಚ್.ಡಿ. ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಪೇಪರ್ ಇರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರಲ್ಲಿ ತೆಗೆಯಿತು. ವಾಪಸ್ ಪಡೆದ ಪೇಪರ್‌ಗಳಿಗೆ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಅಂಕ ಕಳೆಯುವುದು 2025ರಲ್ಲಿ ಶುರುವಾಯಿತು. ಒಳ್ಳೆಯದೇ. ಆದರೆ ಕಳ್ಳನನ್ನು ಹಿಡಿದರೆ ಅಂಕ ಕಳೆಯುವುದು ಬೇರೆ, ಕಾವಲು ಕೂತವನಿಗೆ ಸಂಬಳ ಕೊಡುವುದು ಬೇರೆ. ಎರಡನೆಯದು ಇನ್ನೂ ಆಗಿಲ್ಲ. ಇನ್ನೊಬ್ಬರ ಫಲಿತಾಂಶವನ್ನು ಮತ್ತೆ ಮಾಡಿ ನೋಡಿ ‘ಇದು ಸರಿ ಇದೆ’ ಅಂತ ಹೇಳಿದವರಿಗೆ ನಮ್ಮಲ್ಲಿ ಪ್ರೊಮೋಶನ್ ಸಿಗುವ ದಿನ ಯಾವುದು?

ಮತ್ತೆ ನೋಡುವುದಕ್ಕೆ ಬೆಲೆ ಸಿಕ್ಕಾಗ ಏನಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. 2023ರ ಜುಲೈನಲ್ಲಿ ಕೊರಿಯಾದವರು ಎಲ್‌ಕೆ-99 ಅನ್ನುವ ವಸ್ತು ಸಾಮಾನ್ಯ ತಾಪಮಾನದಲ್ಲೇ ಸೂಪರ್‌ಕಂಡಕ್ಟರ್ ಅಂದಾಗ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿದಂತೆ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಅದನ್ನು ತಯಾರಿಸಿ ನೋಡಿದವು. ಕೆಲವೇ ವಾರಗಳಲ್ಲಿ ಆ ಮಾತು ಬಿದ್ದುಹೋಯಿತು. ವಿಜ್ಞಾನ ಸೋತದ್ದಲ್ಲ ಅದು, ಗೆದ್ದದ್ದು. 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಬಂದದ್ದು ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗೆ. ಎಲ್ಲರೂ ಎಐ ಚಮತ್ಕಾರ ಅಂದರು. ಆ ಎಐ ಕಲಿತದ್ದು ಎಲ್ಲಿಂದ? 1971ರಿಂದ ಸಾವಿರಾರು ಜನ ಒಂದೊಂದೇ ಪ್ರೋಟೀನಿನ ಆಕಾರ ಅಳೆದು, ಎಲ್ಲರಿಗೂ ಸಿಗುವಂತೆ ಜಮಾ ಮಾಡಿದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಹಾಗೆ ಅಳೆದದ್ದು ಸರಿ ಇದೆಯೋ ಇಲ್ಲವೋ ಅಂತ ನೋಡಲು ಇವತ್ತಿಗೂ ಬಳಸುವುದು 1963ರಲ್ಲಿ ಮದ್ರಾಸಿನಿಂದ ಬಂದ ರಾಮಚಂದ್ರನ್ ಪ್ಲಾಟ್. ಅದೇ ಜಿ.ಎನ್. ರಾಮಚಂದ್ರನ್ ಮುಂದೆ ನಮ್ಮ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಚಮತ್ಕಾರದ ಕೆಳಗೆ ಐವತ್ತು ವರ್ಷದ ತಾಳ್ಮೆ ಇದೆ.

ಇಷ್ಟು ದೂರ ಯಾಕೆ ಹೋಗಬೇಕು? ಮಾರಿಕಣಿವೆಯನ್ನೇ ನೋಡಿ. ಹಿರಿಯೂರಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 89 ವರ್ಷದ ಮೇಲೆ 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. 130 ಅಡಿ ತುಂಬಿದ ದಿನ ಇಡೀ ಜಿಲ್ಲೆ ನೋಡಲು ಹೋಯಿತು. ಆ ‘89 ವರ್ಷ’ ಅನ್ನುವುದು ನಮಗೆ ಗೊತ್ತಾದದ್ದು ಹೇಗೆ? ನೀರಿಲ್ಲದ ವರ್ಷಗಳಲ್ಲೂ ಯಾರೋ ಮಟ್ಟ ನೋಡಿ ಪುಸ್ತಕದಲ್ಲಿ ಬರೆದಿಟ್ಟರು. ಅವರ ಹೆಸರು ಯಾವ ಪೇಪರಿನಲ್ಲೂ ಇಲ್ಲ.

ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕನ ಮಗಳು ನಡುವೆ ಬಾಯಿ ಹಾಕಿದಳು. ‘ಅಜ್ಜಿ ಊರಲ್ಲಿ ನೀರು ತಗೊಂಡ್ ಹೋದ್ರಲ್ಲ, ನೆನಪಿದೆಯಾ ಮಾವ?’

ಮರೆಯುವುದು ಹೇಗೆ. ನಮ್ಮ ಅಜ್ಜಿಯ ಊರು ಚಳ್ಳಕೆರೆ ತಾಲ್ಲೂಕಿನಲ್ಲಿ. ಆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಅನ್ನುವುದು ನಮ್ಮ ಮಾನದಂಡ. ಊರಿನ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಪಟ್ಟೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಜೀಪಿನಲ್ಲಿ ನಾಲ್ಕೈದು ಜನ ಬಂದು ಬಾಟಲಿಯಲ್ಲಿ ನೀರು ಹಿಡಿದು, ಮೇಲೆ ಚೀಟಿ ಅಂಟಿಸಿಕೊಂಡು ಹೋದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. ಕೆಲವು ವರ್ಷದ ಮೇಲೆ ಬೇರೆಯವರು ಬಂದರು, ಅವರೂ ಬಾಟಲಿ ತುಂಬಿಕೊಂಡರು. ಅಕ್ಕನ ಮಗಳು ಚಿಕ್ಕವಳಿದ್ದಾಗ ಮೂರನೇ ಗುಂಪು. ‘ನಮ್ಮ ನೀರಿಗೆ ಏನಾಗೈತಂತೆ?’ ಅಂತ ಅಜ್ಜಿ ಪ್ರತಿ ಸಲ ಕೇಳುತ್ತಿದ್ದಳು. ಯಾರೂ ವಾಪಸ್ ಬಂದು ಹೇಳಲಿಲ್ಲ. ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ಬಗ್ಗೆ ಈಗ ಹುಡುಕಿದರೆ ಪೇಪರ್ ಮೇಲೆ ಪೇಪರ್ ಸಿಗುತ್ತವೆ. ಅವುಗಳ ನಕ್ಷೆಯಲ್ಲಿ ಅಜ್ಜಿಯ ಊರೂ ಒಂದು ಚುಕ್ಕೆಯಾಗಿ ಇರಬಹುದು. ಅಜ್ಜಿ ಸತ್ತು ಎಂಟು ವರ್ಷ ಆಯಿತು.

ಅದೇ ಚಳ್ಳಕೆರೆ ತಾಲ್ಲೂಕಿಗೆ ವಿಜ್ಞಾನ ದೊಡ್ಡದಾಗಿಯೇ ಬಂದಿದೆ. ಕುದಾಪುರದಲ್ಲಿ ಐಐಎಸ್‌ಸಿಗೆ 1,500 ಎಕರೆ, ಡಿಆರ್‌ಡಿಒಗೆ ನಾಲ್ಕು ಸಾವಿರ ಎಕರೆಗೂ ಹೆಚ್ಚು, ಬಿಎಆರ್‌ಸಿ, ಇಸ್ರೋಗೆ ಬೇರೆ. ಬಹುಪಾಲು ಅಮೃತಮಹಲ್ ಕಾವಲು ಜಮೀನು, ಸುತ್ತಲಿನ ಹಳ್ಳಿಗಳ ದನ ಕುರಿ ಮೇಯುತ್ತಿದ್ದ ಜಾಗ. ವಿಷಯ ಹೈಕೋರ್ಟ್, ಹಸಿರು ನ್ಯಾಯಮಂಡಳಿ ತನಕ ಹೋಯಿತು. ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಸಾವಿರಾರು ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆದಿದೆ, ಅದು ಸಣ್ಣ ಕೆಲಸ ಅಲ್ಲ. ರನ್‌ವೇ ಮೇಲೆ ಆದದ್ದನ್ನು ಮೊದಲೇ ಹೇಳಿದೆ, ಅದರಲ್ಲಿ ನನಗೆ ಹೆಮ್ಮೆಯೂ ಇದೆ. ಆದರೂ ಕಾವಲು ಕಳೆದುಕೊಂಡ ಕುರಿಗಾಹಿಗೆ ವಿಜ್ಞಾನ ಅಂದರೆ ಬೇಲಿ, ಬಾಟಲಿ ಕೊಟ್ಟು ಕಳಿಸಿದ ಅಜ್ಜಿಗೆ ವಿಜ್ಞಾನ ಅಂದರೆ ಜೀಪು. ಸಂಶೋಧನೆ ಹೇಗಿದೆ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮ ರ‍್ಯಾಂಕು ಎಷ್ಟಕ್ಕೆ ಇಳಿಯುತ್ತದೋ.

ಬೇರೆ ಥರ ಮಾಡಲು ಸಾಧ್ಯ ಅಂತ ಇದೇ ಐಐಎಸ್‌ಸಿ ಒಮ್ಮೆ ತೋರಿಸಿತ್ತು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಲ್ಲಿ ‘ಅಸ್ತ್ರ’ ಶುರುಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಹೆಂಗಸರು ಎಷ್ಟು ಹೊತ್ತು ಸೌದೆ ಆಯುತ್ತಾರೆ, ಎಷ್ಟು ದೂರ ನೀರು ಹೊರುತ್ತಾರೆ ಅಂತ ಅಳೆದರು. ಅಲ್ಲಿಂದ ಬಂದದ್ದೇ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ. ನಿಮ್ಮ ಅಮ್ಮನನ್ನು ಕೇಳಿ, ಆ ಹೆಸರು ಗೊತ್ತಿರುತ್ತದೆ. ಸಂಶೋಧನಾ ಸಂಸ್ಥೆಯ ಒಂದು ಹೆಸರು ಕನ್ನಡದ ಅಡುಗೆಮನೆಯೊಳಗೆ ಹೋದದ್ದು ಅದೊಂದೇ ಇರಬೇಕು.

ಕೊನೆಗೆ ಅವಳಿಗೆ ನಾನು ಹೇಳಿದ್ದು ಇಷ್ಟು. ರಿಸರ್ಚ್ ಹೇಗಿದೆ ಅನ್ನುವುದನ್ನು ರ‍್ಯಾಂಕಿಂಗ್ ನೋಡಿ ತಿಳಿಯಬೇಡ, ಸೇರುವ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳು. ನಿಮ್ಮಲ್ಲಿ ಹಿಂದಿನ ವಿದ್ಯಾರ್ಥಿ ಅಳೆದ ಬಾವಿಗಳಿಗೆ ಯಾರಾದರೂ ಮತ್ತೆ ಹೋಗಿದ್ದಾರಾ? ಮೂಲ ಅಂಕಿಗಳು ಎಲ್ಲಿವೆ, ನಾನು ನೋಡಬಹುದಾ? ನೀರು ಕೊಟ್ಟ ಊರಿಗೆ ಫಲಿತಾಂಶ ಹೇಳುತ್ತೀರಾ? ಫೆಲೋಶಿಪ್ ಎಷ್ಟನೇ ತಿಂಗಳಿಗೆ ಕೈಗೆ ಬರುತ್ತದೆ ಅಂತಲೂ ಸೀನಿಯರ್‌ಗಳನ್ನು ಕೇಳು. ಅದು ನಾಚಿಕೆಯ ಪ್ರಶ್ನೆ ಅಲ್ಲ, ಬಾಡಿಗೆ ಕಟ್ಟಬೇಕಲ್ಲ. ಉತ್ತರ ಸರಿ ಬಂದರೆ ಸೇರು. ಬರದಿದ್ದರೆ ಆರೂವರೆ ಲಕ್ಷ ಏನೂ ಪಾಪದ ದುಡ್ಡಲ್ಲ.

ಅವಳು ಎಲ್ಲ ಕೇಳಿಸಿಕೊಂಡು ಎದ್ದಳು. ಇಳಿಯುವಾಗ ಸ್ವಲ್ಪ ದೂರ ಸುಮ್ಮನಿದ್ದು, ‘ಮಾವ, ಆ ಗಾಳಿ ಪೇಪರ್ ನಿನ್ ಲಿಂಕ್ಡ್‌ಇನ್‌ನಲ್ಲಿ ಇನ್ನೂ ಇದೆ ಅಲ್ವಾ?’ ಅಂದಳು. ಇತ್ತು. ಹನ್ನೆರಡು ವರ್ಷದಿಂದ ಇತ್ತು. ಆ ಸಾಲು ನೋಡಿ ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಒಬ್ಬರು ‘ವೆರಿ ಗುಡ್’ ಅಂದಿದ್ದರು.

ರಾತ್ರಿ ಬಸ್ಸಿನಲ್ಲಿ ಕೂತು ಅದನ್ನು ವಾಪಸ್ ಪಡೆಯೋಣ ಅಂತ ಜರ್ನಲ್ ಹುಡುಕಿದೆ. ವೆಬ್‌ಸೈಟೇ ಇಲ್ಲ. ಮೂರೂವರೆ ಸಾವಿರ ತಗೊಂಡು ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಮಾತ್ರ ನಮ್ಮ ಪೇಪರ್ ಇತ್ತು, ಎರಡು ಜನ ಅದನ್ನು ಉಲ್ಲೇಖಿಸಿಯೂ ಇದ್ದರು. ಆ ಇಬ್ಬರಿಗೂ ಮೇಲ್ ಬರೆದೆ: ನಮ್ಮ ಅಂಕಿಗಳು ಹನ್ನೊಂದು ದಿನದ್ದು, ಉಳಿದದ್ದು ಸುಳ್ಳು, ದಯವಿಟ್ಟು ಬಳಸಬೇಡಿ. ಮೂವರು ಗೆಳೆಯರಿಗೂ ತಿಳಿಸಿದೆ. ಒಬ್ಬ ‘ಹುಚ್ಚೇನೋ ನಿಂಗೆ’ ಅಂದ. ಪ್ರೊಫೈಲಿನಿಂದ ಆ ಸಾಲು ತೆಗೆಯಲು ಬಸ್ಸು ಹಿರಿಯೂರು ದಾಟುವ ತನಕ ಹೊತ್ತು ಬೇಕಾಯಿತು. ನೆಟ್‌ವರ್ಕ್ ಇರಲಿಲ್ಲ ಅಂತ ಹೇಳಬಹುದು. ನಿಜ ಅದಲ್ಲ.

ಅಕ್ಕನ ಮಗಳು ಜನವರಿಯಲ್ಲಿ ಪಿಎಚ್.ಡಿ. ಸೇರಿದಳು. ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿತಂತೆ, ಒಂದಕ್ಕೆ ಗೈಡ್ ‘ನೀನೇ ಶುರುಮಾಡು’ ಅಂದರಂತೆ. ಫೆಲೋಶಿಪ್ ಇನ್ನೂ ಬಂದಿಲ್ಲ. ಹೋದ ವಾರ ಫೋನ್ ಮಾಡಿದ್ದಳು. ಅಜ್ಜಿಯ ಊರಿನ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ್ದಾಳೆ. ಫಲಿತಾಂಶವನ್ನು ಕನ್ನಡದಲ್ಲಿ ಬರೆದು, ಐದು ರೂಪಾಯಿ ಕಾಯಿನ್ ಹಾಕಿ ನೀರು ಹಿಡಿಯುವ ಘಟಕದ ಗೋಡೆಗೆ ಅಂಟಿಸಿ ಬಂದಳಂತೆ. ‘ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗ್ತೀನಿ ಮಾವ, ಆಗ ನೀನೂ ಬಾ’ ಅಂದಳು.

ರಜೆ ಹಾಕಿದ್ದೇನೆ.